ಬಾಗಿಲಾಚೆ ಇಟ್ಟ ಕುರ್ಚಿಗಳು

ಸುಲೇಮಾ: ಬಿಸಿಲು ಎಲ್ಲಿ ಅಂತ ಕೇಳ್ತಿದೀನಿ.

ರೋಮುಲೊ: ಇದೆ ಕಣೇ. ಹಿತ್ತಲಲ್ಲಿ ನೋಡು, ಎಷ್ಟು ಚೆನ್ನಾಗಿ ಬಿದ್ದಿದೆ.

ಸುಲೇಮಾ: ಹಾಗಿದ್ರೆ ಹಿತ್ತಲನ್ನೇ ಬಾಡಿಗೆಗೆ ಹಿಡೀಬೇಕಿತ್ತು. ದಿನವಿಡೀ ಬಿಸಿಲು ಬೀಳೋ ಮನೆ ಅಂತ ಊರಿಗೆಲ್ಲ ಹೇಳ್ಕೊಂಡು ಬಂದ್ರಲ್ಲ, ಈ ಮನೇನ ನೀವು ಕಣ್ಣಲ್ಲಿ ನೋಡಿದ್ರಾ?

ರೋಮುಲೊ: ಫೋನಲ್ಲಿ ನೋಡಿದೆ.

ಸುಲೇಮಾ: ಫೋಟೋ ಕಳಿಸಿದ್ರಾ?

ರೋಮುಲೊ: ಫೋಟೋ ಯಾಕೆ? ಮಾತಾಡಿದೆ. ಮನೆಯೊಡತಿ ದನಿ ತುಂಬಾ ಬೆಚ್ಚಗಿತ್ತು.

ಹೇಳಿಕೇಳಿ ಗಂಡ ಹೆಂಡತಿ ಇಬ್ಬರೂ ಕೆಳನಾಡಿನ ಸಾಂತಾ ಕ್ರೂಸಿನ ಸೆಕೆಯಲ್ಲಿ ಹುಟ್ಟಿ ಬೆಳೆದ ಜೀವಗಳು. ಹಿಂದಿನ ದಿನ ಬಸ್ಸು ಹತ್ತಿ, ಬೆಟ್ಟದ ಮೇಲೆ ಬೆಟ್ಟ ಏರಿ, ಒರುರೊದಲ್ಲಿ ಬಸ್ಸು ಬದಲಾಯಿಸಿ, ಮೈಮೂಳೆಯೆಲ್ಲ ಸಡಿಲವಾದ ಮೇಲೆ ಉಯುನಿಯಲ್ಲಿ ಇಳಿದಿದ್ದರು. ಅದೂ ಅಲ್ಲಿ ನಡುಚಳಿಗಾಲವಾದ ಜೂನ್ ತಿಂಗಳಲ್ಲಿ, ನಾಯಿಗಳೂ ಚಳಿಗೆ ಬೊಗಳುವುದನ್ನು ಬಿಟ್ಟಿರುವ ಕಾಲದಲ್ಲಿ. ಇಬ್ಬರೂ ತಂದಿದ್ದ ಸಾಮಾನು ನೋಡಿದರೆ ಸಮುದ್ರಕ್ಕೆ ಹೊರಟವರೆಂದೇ ಅನ್ನಬೇಕು. ಮಲಗಲು ಕಟ್ಟುವ ಒಂದು ಜೋಲಿ, ಒಂದು ಟೇಬಲ್ ಫ್ಯಾನು, ತೆಳ್ಳನೆಯ ಬಿಳಿ ಹತ್ತಿ ಹೊದಿಕೆಗಳು, ಮರಗೆಣಸಿನ ಹಿಟ್ಟು. ಕಂಬಳಿ ಎಂಬ ವಸ್ತುವನ್ನು ಅವರ ವಂಶದಲ್ಲೇ ಯಾರೂ ಕೊಂಡಿರಲಿಲ್ಲ.

ಸುಲೇಮಾ: ಅಲ್ಲ, ನನಗೆ ಅರ್ಥವಾಗದೇ ಇರೋದು ಬೇರೆ. ನೀವು ಫ್ರಿಜ್ಜು ರಿಪೇರಿ ಮಾಡೋರು. ಈ ಊರಿಗೆ ಫ್ರಿಜ್ಜು ಯಾಕೆ?

ರೋಮುಲೊ: ಫ್ರಿಜ್ಜಲ್ಲ, ಶೀತಲಗೃಹ. ಮಾಂಸದ ಮಂಡಿಗೆ. ಲಾಮಾ ಮಾಂಸ ಕೆಡಬಾರದು ಅಂತ.

ಸುಲೇಮಾ: ಇಲ್ಲಿ ಯಾವ ಮಾಂಸ ಕೆಡುತ್ತೆ? ನಾನೇ ಬಂದಾಗಿಂದ ಹಾಗೇ ಇದೀನಿ. ಬಾಗಿಲು ತೆಗೆದಿಟ್ರೆ ಆಯ್ತಲ್ಲ.

ರೋಮುಲೊ: ಚಳಿಗಾಲ ಮುಗಿಯೋವರೆಗೂ ತಾನೆ. ಆಮೇಲೆ ನಮ್ಮ ಊರು ಇದ್ದೇ ಇದೆ. ಅಲ್ಲದೆ ನಾನೇನು ನನಗೋಸ್ಕರ ನಿನ್ನನ್ನ ಕರ್ಕೊಂಡು ಬಂದಿದೀನಾ? ನಿನಗೆ ಹವಾ ಬದಲಾವಣೆ ಆಗ್ಲಿ, ಆರೋಗ್ಯ ಸುಧಾರಿಸ್ಲಿ ಅಂತ.

ಸುಲೇಮಾ: ನನ್ನ ಆರೋಗ್ಯಕ್ಕೆ ಏನಾಗಿತ್ತು?

ರೋಮುಲೊ: ಏನೂ ಆಗಿರಲಿಲ್ಲ. ಮುಂದೆಯೂ ಆಗದೇ ಇರ್ಲಿ ಅಂತ.

ಈ ಆರೋಗ್ಯದ ಮಾತು ಕೇಳಿದಾಗಲೆಲ್ಲ ಸುಲೇಮಾಳ ಮೈ ಉರಿಯುತ್ತಿತ್ತು, ಅದರಿಂದ ಚಳಿ ಮಾತ್ರ ಹೋಗುತ್ತಿರಲಿಲ್ಲ. ಈ ಗಂಡಸಿಗೆ ಒಬ್ಬನೇ ಒಂದು ದಿನ ಇರಲು ಬರುವುದಿಲ್ಲ, ನೀರು ಕಾಯಿಸಿದರೂ ತಳ ಹಿಡಿಸುವವನು. 'ನೀನಿಲ್ಲದೆ ಆಗಲ್ಲ, ಬಾ' ಎಂದು ಒಂದು ಮಾತು ಹೇಳಿದ್ದರೆ ಅವಳು ಬರಿಗಾಲಲ್ಲಿ ಬರುತ್ತಿದ್ದಳು. ಅದನ್ನು ಹೇಳಲಾರದೆ ಆರೋಗ್ಯ, ಹವಾ, ಬಿಸಿಲು ಎಂದು ಸುತ್ತಿಬಳಸಿ ಅವಳನ್ನು ಬಸ್ಸು ಹತ್ತಿಸಿದ್ದ.

ಸುಲೇಮಾ: ಕೇಳಿ ಇಲ್ಲಿ. ನಾಳೆ ಬೆಳಗ್ಗೆ ಬಸ್ಸಿದೆ. ಅಷ್ಟರಲ್ಲಿ ನನ್ನ ಪಾದ ಬೆಚ್ಚಗಾಗದೇ ಇದ್ರೆ, ನಾನು ಅಕ್ಕನ ಮನೆಗೆ ಹೊರಟೆ. ನೀವು, ನಿಮ್ಮ ಶೀತಲಗೃಹ.

ರೋಮುಲೊ: ಹೋಗು, ಹೋಗು. ನನಗೇನು? ಬೇಯಿಸ್ಕೊಂಡು ತಿಂತೀನಿ.

ಹೇಳಿದ್ದು ಜೋರಾಗಿಯೇ. ಆದರೆ ಮುಖ ಮಾತ್ರ ಮಸಿ ಬಳಿದಂತಾಯಿತು. ಅವಳು ಗಮನಿಸಿದಳು. ಬಾಯಿ ಬಿಟ್ಟು ಹೇಳುವವರೆಗೂ ತಾನೂ ಬಗ್ಗುವುದಿಲ್ಲವೆಂದು ತನ್ನ ಬಟ್ಟೆಗಂಟನ್ನು ಬಿಚ್ಚದೆ ಹಾಗೇ ಇಟ್ಟಳು.

ಮಂಚ ಇರಲಿಲ್ಲ. ಮಂಚ ಯಾಕೆ ಜೋಲಿ ಇರುವಾಗ, ಎಂದು ರೋಮುಲೊ ಗೋಡೆಗೆ ಮೊಳೆ ಹೊಡೆದ. ಅದು ಹಸಿ ಇಟ್ಟಿಗೆಯ ಗೋಡೆ. ಮೊಳೆಯ ಜೊತೆ ಗೋಡೆಯೂ ಒಂದು ಹಿಡಿ ಕೈಗೆ ಬಂತು. ಎರಡನೆಯ ಮೊಳೆಗೆ ಅವನಿಗೇ ಉಸಿರು ಕಟ್ಟಿತು. ಬೆಟ್ಟದ ಮೇಲಿನ ತೆಳುಗಾಳಿ ಕೆಳನಾಡಿನವರನ್ನು ಬಗ್ಗುಬಡಿಯುವ ರೀತಿಯೇ ಹಾಗೆ. ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ.

ರೋಮುಲೊ: ಅಯ್ಯೋ, ನನ್ನ ಕೈಲಿ ಆಗಲ್ಲ. ಎಲ್ಲಾದ್ರೂ ಮಲಗಿಸು.

ಸುಲೇಮಾ: ನೆಲ ಐಸು. ಈ ಊಟದ ಮೇಜಿನ ಮೇಲೆ ಹತ್ತಿ. ಕುರ್ಚಿ ಅಡ್ಡ ಬರ್ತಿವೆ, ಎಲ್ಲಿಡ್ಲಿ?

ರೋಮುಲೊ: ಹೊರಗೆ ಗೋಡೆ ಪಕ್ಕ ಸಾಲಾಗಿ ಹಾಕು. ಬಾಗಿಲೂ ತೆಗೆದಿಡು, ನಾಲ್ಕು ಜನ ಮಾತಾಡಿಸ್ಲಿ. ಬಂದ ದಿನಾನೇ ಬಾಗಿಲು ಹಾಕ್ಕೊಂಡು ಕೂತ್ರೆ ಜಿಪುಣರು ಬಂದಿದಾರೆ ಅನ್ನಲ್ವಾ?

ಅವರ ಊರಲ್ಲಿ ಸಂಜೆಯಾಯಿತೆಂದರೆ ಕುರ್ಚಿಗಳು ಬೀದಿಗೆ ಬಂದೇ ಬರುತ್ತವೆ. ಬಾಗಿಲಲ್ಲಿ ಕುರ್ಚಿ ಹಾಕದವನನ್ನು ಯಾರೂ ಮನುಷ್ಯನೆಂದೇ ಎಣಿಸುವುದಿಲ್ಲ. ಸುಲೇಮಾ ಕುರ್ಚಿಗಳನ್ನೆಲ್ಲ ಹೊರಗೆ ಸಾಲಾಗಿಟ್ಟಳು. ಗಂಡನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಬಿಳಿ ಹೊದಿಕೆಗಳನ್ನೆಲ್ಲ ತಲೆವರೆಗೂ ಎಳೆದಳು. ಕರೆಂಟು ನಾಳೆ ಬರುತ್ತದಂತೆ. ಅದಕ್ಕೇ ಮೇಣದಬತ್ತಿ ಹಚ್ಚಿ, ಒಂದಿಷ್ಟು ಕಾವಾದರೂ ತಾಕಲಿ ಎಂದು ಮೇಜಿನ ನಾಲ್ಕು ಮೂಲೆಗೂ ನಿಲ್ಲಿಸಿದಳು. ಆಮೇಲೆ ಬಾಗಿಲಲ್ಲಿ ಒಂದು ಕುರ್ಚಿ ಹಿಡಿದು, ತನ್ನ ಹಣೆಬರಹ ನೆನೆದು, ಮೂಗು ಒರೆಸಿಕೊಳ್ಳುತ್ತ ಕುಳಿತಳು.

ಬೀದಿಯವರೆಲ್ಲ ಗೌರವದಿಂದ ದೋನ್ಯಾ ಎಂದು ಕರೆಯುವ ಎದುರುಮನೆಯ ಮುದುಕಿ ಎಪಿಫಾನಿಯಾ ತನ್ನ ಬಾಗಿಲಿಗೆ ಬಂದಳು, ಕುರ್ಚಿಗಳ ಸಾಲನ್ನು ನೋಡಿದಳು, ಒಳಗಿನ ಮೇಜನ್ನು ನೋಡಿದಳು. ನೆಟ್ಟಗೆ ಬೀದಿ ದಾಟಿ ಬಂದು ಸುಲೇಮಾಳನ್ನು ತಬ್ಬಿಕೊಂಡಳು.

ಎಪಿಫಾನಿಯಾ: ಏನು ಮಾಡೋಕಾಗುತ್ತೆ ಮಗಳೇ. ಧೈರ್ಯ ತಂದ್ಕೋ.

ಸುಲೇಮಾ: ನೀವಾದ್ರೂ ಹೇಳಿದ್ರಲ್ಲ ದೋನ್ಯಾ. ಬಂದಾಗಿಂದ ಯಾರೂ ಒಂದು ಒಳ್ಳೆ ಮಾತಾಡಿಲ್ಲ.

ಎಪಿಫಾನಿಯಾ: ಯಾವಾಗ ಆಗಿದ್ದು?

ಸುಲೇಮಾ: ಈಗ ಸಂಜೆ ಕಡೆ. ಮೊಳೆ ಹೊಡೀತಾ ಇದ್ರು, ಹಾಗೇ ಕುಸಿದುಬಿಟ್ರು.

ಎಪಿಫಾನಿಯಾ: ಕೆಳನಾಡಿನೋರಾ?

ಸುಲೇಮಾ: ಸಾಂತಾ ಕ್ರೂಸಿನೋರು.

ಎಪಿಫಾನಿಯಾ: ಹಾಗೇ ಆಗೋದು. ಎದೆ ತಡ್ಕೊಳ್ಳಲ್ಲ. ಕೊನೇಲಿ ಏನಾದ್ರೂ ಹೇಳಿದ್ರಾ?

ಸುಲೇಮಾ: ಜಿಪುಣರು ಅಂದ್ಕೋತಾರೆ, ಬಾಗಿಲು ತೆಗೆದಿಡು ಅಂದ್ರು.

ಎಪಿಫಾನಿಯಾ: ಅಂಥ ಹೊತ್ತಲ್ಲೂ ಮರ್ಯಾದೆ ಯೋಚನೆ. ದೊಡ್ಡ ಮನುಷ್ಯ. ಇರು, ಜನ ಕರೀತೀನಿ.

ಈ ಊರಿನವರು ಎಷ್ಟು ಒಳ್ಳೆಯವರು, ಬರಿ ತಲೆಸುತ್ತಿಗೆ ಇಷ್ಟು ಕನಿಕರವೇ, ಎಂದು ಸುಲೇಮಾ ಬೆರಗಾದಳು. ಅಷ್ಟರಲ್ಲಿ ರೈಲ್ವೆಯಿಂದ ನಿವೃತ್ತನಾದ ದೋನ್ ಸೆವೆರೊ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದು, ಬಾಗಿಲ ಮೇಲೆ ಒಂದು ಕರಿ ಬಟ್ಟೆ ಕಟ್ಟಿದ. ಆಗ ಅವಳ ತಲೆಗೆ ಹೊಳೆಯಿತು. ಕುರ್ಚಿ ಹೊರಗೆ, ಬಾಗಿಲು ತೆರೆದು, ಮೇಜಿನ ಮೇಲೆ ಬಿಳಿ ಬಟ್ಟೆ ಹೊದ್ದ ಗಂಡಸು. ಇಲ್ಲಿ ಈ ಚಳಿಯಲ್ಲಿ ಹೀಗೆ ಮಾಡುವುದು ಒಂದೇ ಕಾರಣಕ್ಕೆ.

ಸುಲೇಮಾ: ಯಜಮಾನ್ರೇ, ಒಂದು ನಿಮಿಷ. ನೀವೆಲ್ಲ ಏನೋ ತಪ್ಪು ತಿಳ್ಕೊಂಡು...

ಸೆವೆರೊ: ಮಾತಾಡ್ಬೇಡ ತಾಯಿ, ಸುಸ್ತಾಗುತ್ತೆ. ಮೊದಲು ಅಗ್ಗಿಷ್ಟಿಕೆ ಒಳಗಿಡೋಣ. ನಿನ್ನ ಪಾದದ ಹತ್ರ ಇಡ್ಲಾ?

ನಿಗಿನಿಗಿ ಕೆಂಡ ತುಂಬಿದ ಅಗ್ಗಿಷ್ಟಿಕೆ ಪಾದದ ಹತ್ತಿರ ಬಂದು ಕೂತಿತು. ಹೆಗಲ ಮೇಲೆ ಲಾಮಾ ಉಣ್ಣೆಯ ಕಂಬಳಿ ಬಿತ್ತು. ದ್ರಾಕ್ಷಿ ಸಾರಾಯಿ ಬೆರೆಸಿದ ಬಿಸಿ ಚಹಾ ಕೈಗೆ ಬಂತು. ಸತ್ಯ ಹೇಳಬೇಕೆಂದು ತೆರೆದ ಬಾಯಿಗೆ ಚಹಾ ಹೋಯಿತು, ಸತ್ಯ ಅಲ್ಲೇ ಉಳಿಯಿತು. ಇದರಲ್ಲಿ ತನ್ನ ತಪ್ಪೇನೂ ಇಲ್ಲ, ಬಾಯಿ ತೆರೆದರೆ ಇವರೇ ಮುಚ್ಚಿಸುತ್ತಿದ್ದಾರೆ, ಎಂದು ಅವಳು ಸಮಾಧಾನ ಮಾಡಿಕೊಂಡಳು. ಜನ ಹೊರಗೆ ಕುರ್ಚಿಗಳಲ್ಲಿ ಕೂತು ಕೋಕಾ ಎಲೆ ಜಗಿಯತೊಡಗಿದಾಗ, ಮೇಜಿನ ಬಳಿ ಬಗ್ಗಿ ಅಳುವವಳಂತೆ ಕಂಬಳಿಯ ಅಂಚನ್ನು ಸೆರಗಿನಂತೆ ಮುಖಕ್ಕೆ ಹಿಡಿದಳು.

ರೋಮುಲೊ (ಹೊದಿಕೆಯೊಳಗಿಂದ): ಯಾರೋ ಅಳ್ತಿದಾರೆ. ಯಾರು ಸತ್ತಿದ್ದು?

ಸುಲೇಮಾ: ನೀವು.

ರೋಮುಲೊ: ಯಾವಾಗ?

ಸುಲೇಮಾ: ಮೊಳೆ ಹೊಡೆಯೋವಾಗ. ಅಲ್ಲಾಡಬೇಡಿ, ಇನ್ನೊಂದು ಕಂಬಳಿ ಬರ್ತಿದೆ.

ರೋಮುಲೊ: ಹುಚ್ಚು ಹಿಡಿದಿದೆಯಾ ನಿನಗೆ? ನಾನು ಏಳ್ತೀನಿ.

ಸುಲೇಮಾ: ಏಳಿ. ಕೆಂಡ ವಾಪಸ್ ಹೋಗುತ್ತೆ. ನಾಳೆ ಬಸ್ಸಿಗೆ ನಾನೂ ಹೋಗ್ತೀನಿ.

ಹೊದಿಕೆ ಸ್ವಲ್ಪ ಹೊತ್ತು ಯೋಚಿಸಿತು.

ರೋಮುಲೊ: ಘಮಘಮ ಅಂತಿರೋದು ಏನು?

ಸುಲೇಮಾ: ಸಾರು. ಒಣಗಿಸಿದ ಆಲೂಗೆಡ್ಡೆ, ಮಾಂಸ ಹಾಕಿದಾರೆ. ಪ್ರಾರ್ಥನೆ ಆದ ಮೇಲೆ ಬಡಿಸ್ತಾರಂತೆ.

ರೋಮುಲೊ: ನನಗೂ ಒಂದು ಬಟ್ಟಲು ಈ ಕಡೆ ದಾಟಿಸು.

ಸುಲೇಮಾ: ಸತ್ತೋರಿಗೆ ಊಟ ಇಡೋದು ನವೆಂಬರಿನಲ್ಲಿ, ಸತ್ತೋರ ಹಬ್ಬಕ್ಕೆ. ಅಲ್ಲೀವರೆಗೂ ತಡ್ಕೊಳ್ಳಿ.

ಸೆವೆರೊ ಒಳಗೆ ಬಂದ, ಹಿಂದೆಯೇ ಚಹಾದ ಲೋಟ ಹಿಡಿದು ಎಪಿಫಾನಿಯಾ ಬಂದಳು. ಸುಲೇಮಾ ಬಿಕ್ಕಿದಳು. ಹೊದಿಕೆ ಉಸಿರು ಬಿಗಿಹಿಡಿಯಿತು.

ಸೆವೆರೊ: ಎಂಥಾ ಒಳ್ಳೆ ಮನುಷ್ಯ.

ಸುಲೇಮಾ: ನೀವು ಇವರನ್ನ ನೋಡಿದೀರಾ?

ಸೆವೆರೊ: ಇಲ್ಲ. ನೋಡಿದ್ರೆ ಇಷ್ಟು ಧಾರಾಳವಾಗಿ ಹೇಳೋಕಾಗ್ತಿತ್ತಾ? ಕಷ್ಟಜೀವಿ ಇರ್ಬೇಕು.

ಸುಲೇಮಾ: ಹೂಂ. ಕಷ್ಟ ನನ್ನದು, ಜೀವ ಅವರದ್ದು.

ಎಪಿಫಾನಿಯಾ: ಕುಡೀತಿದ್ರಾ?

ಸುಲೇಮಾ: ಹಬ್ಬಕ್ಕೆ ಮಾತ್ರ. ಹಬ್ಬಗಳು ಇವರ ಮನೇಲೇ ಹುಟ್ಟುತ್ತಿದ್ವು.

ಎಪಿಫಾನಿಯಾ: ನಿನ್ನನ್ನ ಪ್ರೀತಿಯಿಂದ ನೋಡ್ಕೋತಿದ್ರಾ?

ಸುಲೇಮಾ: ಅದನ್ನ ನಾನೂ ಕೇಳೋಣ ಅಂತಿದ್ದೆ ದೋನ್ಯಾ. ಇವರು ಯಾವತ್ತೂ ಹೇಳಲಿಲ್ಲ.

ಇದನ್ನು ಅವಳು ತಮಾಷೆಗೆ ಶುರು ಮಾಡಿದ್ದಳು. ಮುಗಿಸುವಷ್ಟರಲ್ಲಿ ಅದು ತಮಾಷೆಯಾಗಿ ಉಳಿದಿರಲಿಲ್ಲ. ಎಪಿಫಾನಿಯಾ ಅವಳ ಬೆನ್ನು ಸವರಿ, ಸೆವೆರೊನ ಕಡೆಗೆ ತಿರುಗಿದಳು.

ಎಪಿಫಾನಿಯಾ: ಈ ಹುಡುಗೀನ ಈ ಚಳೀಲಿ ಇಟ್ಕೊಳ್ಳೋದು ಪಾಪ. ಬೆಳಗ್ಗೆ ಬಸ್ಸಿಗೆ ಕಳಿಸಿಬಿಡೋಣ.

ಸೆವೆರೊ: ಬಸ್ಸು ಓಡಿಸೋನು ನನ್ನ ಅಳಿಯ. ಮುಂದಿನ ಸೀಟಲ್ಲೇ ಕೂರಿಸ್ತೀನಿ. ಮಣ್ಣು ಮಾಡೋ ಕೆಲಸ ನಮಗಿರ್ಲಿ.

ಎಪಿಫಾನಿಯಾ: ಹೋಗ್ತೀಯಾ ಮಗಳೇ?

ಬೆಳಗಿನಿಂದ ಅವಳು ಬಯಸುತ್ತಿದ್ದುದು ಇದನ್ನೇ. ಹಾಗಿದ್ದೂ ಹೂಂ ಎನ್ನಲು ನಾಲಿಗೆ ಏಳಲಿಲ್ಲ. ಮೇಜಿನ ಕಡೆ ನೋಡಿದಳು. ಹೊದಿಕೆ ಮಿಸುಕಲಿಲ್ಲ. ಈಗಲೂ ಸುಮ್ಮನೆ ಬಿದ್ದಿದಾನಲ್ಲ, ಕೆಂಡವೇ ಹೆಚ್ಚಾಯಿತಲ್ಲ ಇವನಿಗೆ, ಎಂದು ಸಿಟ್ಟು ಬಂತು.

ಸುಲೇಮಾ: ದೊಡ್ಡೋರು ಇಷ್ಟು ಹೇಳೋವಾಗ ಬೇಡ ಅನ್ನೋಕಾಗುತ್ತಾ? ಅಕ್ಕನ ಮನೆ ಇದೆ. ಅಲ್ಲೇ ಇದ್ದುಬಿಡ್ತೀನಿ. ಇನ್ನು ಈ ಕಡೆ ಬರಲ್ಲ.

ಸೆವೆರೊ: ಒಳ್ಳೇದು. ಪ್ರಾಯ ಇನ್ನೂ ಇದೆ. ವರ್ಷ ಕಳೀಲಿ, ಯಾರಾದ್ರೂ ಒಳ್ಳೆ ಹುಡುಗನ್ನ ನೋಡಿ...

ರೋಮುಲೊ: ಅವಳು ಎಲ್ಲಿಗೂ ಹೋಗಲ್ಲ.

ಹೊದಿಕೆ ಎದ್ದು ಕೂತಿತ್ತು. ಎರಡು ಮೇಣದಬತ್ತಿ ಆರಿದವು. ಹೊರಗಿನ ಕುರ್ಚಿಗಳು ಒಂದೇ ಸಲ ಉರುಳಿದ ಸದ್ದು, ಬೀದಿಯುದ್ದಕ್ಕೂ ಓಡಿದ ಕಾಲುಗಳ ಸದ್ದು. ಸೆವೆರೊ ಟೊಪ್ಪಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಅಂಟಿದ. ಎಪಿಫಾನಿಯಾ ಮಾತ್ರ ಚಹಾದ ಲೋಟವನ್ನೂ ಅಲುಗಿಸಲಿಲ್ಲ.

ಎಪಿಫಾನಿಯಾ: ಸತ್ತ ಮೇಲೂ ಹೆಂಡ್ತಿ ಮೇಲೆ ಜೋರು ಮಾಡ್ತಿದಾನೆ. ಗಂಡನೇ, ಅನುಮಾನ ಇಲ್ಲ.

ಸುಲೇಮಾ: ಯಾಕೆ ಹೋಗಬಾರದು? ನನ್ನ ಆರೋಗ್ಯಕ್ಕೆ ತಾನೆ ಕರ್ಕೊಂಡು ಬಂದಿದ್ದು? ಸುಧಾರಿಸ್ತು. ಹೋಗ್ತೀನಿ.

ರೋಮುಲೊ: ಆರೋಗ್ಯಕ್ಕಲ್ಲ.

ಸುಲೇಮಾ: ಮತ್ತೆ ಯಾತಕ್ಕೆ?

ರೋಮುಲೊ: ಆಮೇಲೆ ಹೇಳ್ತೀನಿ. ಇವರೆಲ್ಲ ಇದಾರೆ.

ಸುಲೇಮಾ: ಇವರ ಮುಂದೆ ಸತ್ತಿದ್ದೇ ಆಯ್ತು. ಇನ್ನೇನು ನಾಚಿಕೆ? ಹೇಳಿ.

ರೋಮುಲೊ: ಒಬ್ಬನೇ ಇರೋಕೆ ನನ್ನಿಂದ ಆಗಲ್ಲ ಕಣೇ. ಹೆದರಿಕೆ ಆಗುತ್ತೆ. ನೀನು ಹೋದ್ರೆ ಇವರು ಇನ್ನೊಂದು ಸಲ ಬರ್ಬೇಕಾಗುತ್ತೆ, ಆಗ ನಾನು ಏಳಲ್ಲ.

ಇಷ್ಟು ವರ್ಷ ಕಾದ ಮಾತು ಇಷ್ಟು ಸಲೀಸಾಗಿ ಬಂದುಬಿಟ್ಟಿತು. ಸುಲೇಮಾಳ ಕಣ್ಣಲ್ಲಿ ನೀರು ಬಂತು, ಈ ಸಲ ಯಾರಿಗೂ ತೋರಿಸುವುದಕ್ಕಲ್ಲ. ಇಷ್ಟಕ್ಕೇ ಕರಗಿದೆನಲ್ಲ ಎಂದು ತನ್ನ ಮೇಲೆಯೇ ಸ್ವಲ್ಪ ಸಿಟ್ಟೂ ಬಂತು. ಆ ಹೊತ್ತಿಗೆ ಎಪಿಫಾನಿಯಾ ಲೋಟ ಕೆಳಗಿಟ್ಟು ಎದ್ದಳು.

ಎಪಿಫಾನಿಯಾ: ಸೆವೆರೊ, ಗೋಡೆ ಬಿಟ್ಟು ಬಾ. ಅಗ್ಗಿಷ್ಟಿಕೆ ಎತ್ತು.

ಸುಲೇಮಾ: ಅದನ್ನ ಯಾಕೆ ದೋನ್ಯಾ? ರಾತ್ರಿ ಪೂರ್ತಿ ಬಾಕಿ ಇದೆ.

ಎಪಿಫಾನಿಯಾ: ಇದು ಗಂಡ ಸತ್ತೋಳಿಗೆ ತಂದಿದ್ದು. ನಿನ್ನ ಗಂಡ ಕೂತಿದಾನಲ್ಲ ಗುಂಡುಕಲ್ಲಿನ ಹಾಗೆ.

ಸೆವೆರೊ: ಕರಿ ಬಟ್ಟೆನೂ ಬಿಚ್ಕೋತೀನಿ. ಒಂದೇ ಇರೋದು ಇಡೀ ಬೀದಿಗೆ.

ಸುಲೇಮಾ: ಕಂಬಳಿನಾದ್ರೂ ಬಿಟ್ಟು ಹೋಗಿ.

ಎಪಿಫಾನಿಯಾ: ಒಂದು ಬಿಟ್ಟಿರ್ತೀನಿ. ಇಬ್ರಿಗೂ ಒಂದೇ. ಈ ಊರಲ್ಲಿ ಮದುವೆಗಳು ಉಳಿದಿರೋದೇ ಹಾಗೆ.

ಕೆಂಡ ಹೋಯಿತು. ಚಹಾ ಹೋಯಿತು. ಮುಚ್ಚಳ ತೆರೆಯದ ಸಾರಿನ ಪಾತ್ರೆಯನ್ನು, ಓಡಿಹೋಗಿ ಮರಳಿ ಬಂದ ಇಬ್ಬರು ಹೆಂಗಸರು ಹಿಡಿಕೆ ಹಿಡಿದು, ಮೇಜಿನ ಕಡೆ ನೋಡದೆ ಎತ್ತಿಕೊಂಡು ಹೋದರು. ಅದರ ಘಮ ಮಾತ್ರ ಸ್ವಲ್ಪ ಹೊತ್ತು ಕೋಣೆಯಲ್ಲಿ ಸುಳಿದಾಡಿ ತಾನೂ ಹೊರಟಿತು. ರೋಮುಲೊ ಬಾಗಿಲು ಹಾಕಿದ. ಇಬ್ಬರೂ ಮೇಜಿನ ಮೇಲೆ ಹತ್ತಿ, ಒಂದೇ ಕಂಬಳಿಯೊಳಗೆ ಮುದುರಿ ಕೂತರು.

ರೋಮುಲೊ: ಬೆಳಗ್ಗೆ ಹೋಗ್ತೀಯಾ?

ಸುಲೇಮಾ: ಇಲ್ಲ.

ರೋಮುಲೊ: ನಿಜವಾಗ್ಲೂ?

ಸುಲೇಮಾ: ಹೋಗಲ್ಲ ಅಂದ್ನಲ್ಲ. ಆದ್ರೆ ಒಂದು ಹೇಳಿ.

ರೋಮುಲೊ: ಏನು?

ಸುಲೇಮಾ: ಅಷ್ಟು ಒಳ್ಳೆ ಮಾತನ್ನ, ಸಾರು ಬಡಿಸಿದ ಮೇಲೆ ಹೇಳೋಕಾಗ್ತಿರಲಿಲ್ವಾ?