ಆಷಾಢಕ್ಕೆ ಮೊದಲು ಬರಬೇಕಾಗಿದ್ದ ಕಾರು

ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಹಳ ಕಾಲ ನಂಬಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಇಂಗ್ಲಿಷಿಗಿಂತ ಮೊದಲು ಕಲಿಸಿದ್ದು ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲಿನಲ್ಲಿ ನಿಲ್ಲುವುದನ್ನು. ಆ ಅಭ್ಯಾಸಬಲದಿಂದ ಗ್ಯಾಸ್ ಸಿಲಿಂಡರಿಗೆ, ನೀರಿನ ಟ್ಯಾಂಕರಿಗೆ, ಹೊಸೂರು ರಸ್ತೆಯ ಸಿಗ್ನಲ್ಲುಗಳಿಗೆ ನಗುನಗುತ್ತಲೇ ಕಾದವಳು ನಾನು. ಹೊಸ ಕಾರು ಬುಕ್ ಮಾಡಿದ ಮೇಲಷ್ಟೇ ಗೊತ್ತಾಯಿತು, ಆಸೆಪಟ್ಟು ಕಾಯುವುದು ಬೇರೆಯೇ ಕಸುಬು.

ಸಿಂಗಸಂದ್ರದಲ್ಲಿ ನಮ್ಮದು ಮೂವರ ಸಂಸಾರ: ನಾನು, ನಮ್ಮ ಯಜಮಾನರು, ನಮ್ಮತ್ತೆ. ಇರುವುದು ಒಂದು ಸ್ಕೂಟರು. ಮದುವೆ ಮುಂಜಿಗೆ ಹೊರಟರೆ ನಾವಿಬ್ಬರು ಸ್ಕೂಟರಿನಲ್ಲಿ, ಅತ್ತೆ ಹಿಂದೆ ಆಟೋದಲ್ಲಿ. ಆಟೋದಲ್ಲೇ ಮೂವರೂ ಕೂರಬಾರದೇ ಎನ್ನಬೇಡಿ. ಯಜಮಾನರಿಗೆ ದಾರಿ ತಿಳಿಯುವುದು ಸ್ಕೂಟರಿನ ಮೇಲಿದ್ದರೆ ಮಾತ್ರ. ದಾರಿ ತಪ್ಪಿದಾಗ ಯಾರನ್ನಾದರೂ ಕೇಳಲು ಹಿಂದುಗಡೆ ನಾನಿರಬೇಕು. "ಆ ಹಸಿರು ಸೀರೆ ಹಿಂದೇನೇ ಹೋಗಪ್ಪಾ" ಎಂದು ಅತ್ತೆ ಆಟೋದವನಿಗೆ ಹೇಳುತ್ತಾರೆ. ಎರಡನೇ ಸಿಗ್ನಲ್ಲಿನ ಹೊತ್ತಿಗೆ ಆತ ಇನ್ಯಾವುದೋ ಹಸಿರು ಸೀರೆಯ ಹಿಂದೆ ಹೋಗಿರುತ್ತಾನೆ. ಹಾಗೆ ಒಮ್ಮೆ ಅತ್ತೆ ಗುರುತೇ ಇಲ್ಲದವರ ಮದುವೆಯಲ್ಲಿ ಊಟ ಮುಗಿಸಿ, ತೆಂಗಿನಕಾಯಿ ತಾಂಬೂಲವನ್ನೂ ತೆಗೆದುಕೊಂಡು ಬಂದರು. ಪಾಯಸ ಚೆನ್ನಾಗಿತ್ತಂತೆ. ಮೂವರೂ ಒಟ್ಟಿಗೆ ಹೊರಟು ಒಟ್ಟಿಗೇ ಇಳಿಯಬೇಕು ಎನ್ನುವುದೊಂದೇ ನನ್ನಾಸೆ. ಅದಕ್ಕೇ ಕಾರು.

ಶೋರೂಮಿನಲ್ಲಿ ನಮ್ಮ ಉಸ್ತುವಾರಿ ಪವಿತ್ರಾ ಎಂಬ ಹುಡುಗಿಯದು. ಯಾವಾಗ ಫೋನ್ ಮಾಡಿದರೂ "ದಾರೀಲಿದೆ ಮೇಡಂ, ಬಂದ್ಬಿಡತ್ತೆ" ಎನ್ನುತ್ತಿದ್ದಳು. ದಾರಿ ಎಂದಮೇಲೆ ನೋಡದಿರುವುದು ಹೇಗೆ? ಸೊಪ್ಪು ತರಲು ಹೋದಾಗಲೆಲ್ಲ ಹೊಸೂರು ರಸ್ತೆಯಲ್ಲಿ ಕಾರು ಹೊತ್ತು ಸಾಗುವ ಉದ್ದನೆಯ ಲಾರಿಗಳನ್ನೇ ನೋಡುತ್ತಾ ನಿಂತೆ. ಮೆಂತ್ಯ ಕೇಳಿ ಪಾಲಕ್ ತಂದೆ. ಒಂದು ದಿನವಂತೂ ಯಜಮಾನರ ಆಫೀಸಿಗೇ ಫೋನ್ ಮಾಡಿದೆ: "ರೀ, ನಮ್ಮ ನೀಲಿ ಬಣ್ಣದ್ದೇ! ಲಾರಿಯ ಮೇಲಿನ ಸಾಲಲ್ಲಿದೆ!"

"ಲಾರಿ ಯಾವ ಕಡೆ ಹೋಗ್ತಿದೆ?"

"ಹೊಸೂರಿನ ಕಡೆಗೆ."

"ಹಾಗಾದ್ರೆ ಅದು ಊರು ಬಿಟ್ಟು ಹೋಗ್ತಿದೆ ಕಣೇ. ಟಾಟಾ ಮಾಡಿ ಮನೆಗೆ ನಡಿ."

ನನ್ನ ಅವಸರಕ್ಕೆ ಕಾರಣವಿತ್ತು. ಆಷಾಢ ಹತ್ತಿರ ಬರುತ್ತಿತ್ತು. ಹೊಸ ಸೊಸೆಯನ್ನೇ ತವರಿಗೆ ಕಳಿಸುವ ತಿಂಗಳಲ್ಲಿ ಹೊಸ ಕಾರನ್ನು ಯಾರು ಮನೆ ತುಂಬಿಸಿಕೊಳ್ಳುತ್ತಾರೆ? ಬಂದ ಗಾಡಿಯನ್ನು ವಾರದೊಳಗೆ ಒಯ್ಯದಿದ್ದರೆ ಸಾಲಿನಲ್ಲಿ ನಿಮ್ಮ ನಂತರದವರಿಗೆ ಕೊಟ್ಟುಬಿಡುತ್ತೇವೆ ಎಂದು ಪವಿತ್ರಾ ಮೊದಲೇ ಹೇಳಿದ್ದಳು. ನನಗೇನೂ ಇಂಥದರಲ್ಲಿ ನಂಬಿಕೆಯಿಲ್ಲ, ಕಾನ್ವೆಂಟಿನಲ್ಲಿ ಓದಿದವಳು. ಆದರೆ ಮಂಗಳವಾರ ಉಗುರು ಕತ್ತರಿಸಿದರೂ ಗದರುವ ಅತ್ತೆಯನ್ನು ಒಪ್ಪಿಸುವುದು ಯಾರು?

ಕಾರು ಬಂದದ್ದು ಆಷಾಢ ಹುಟ್ಟಿದ ಮರುದಿನ, ಸೋಮವಾರ. "ಮೇಡಂ, ನಿಮ್ ಗಾಡಿ ಬಂತು! ಬೇಗ ತಗೊಂಡ್ಹೋಗಿ. ಮುಂದಿನವ್ರು ಆಷಾಢ ಗೀಷಾಢ ಏನೂ ನೋಡಲ್ವಂತೆ, ದಿನಾ ಫೋನ್ ಮಾಡ್ತಿದಾರೆ" ಎಂದಳು ಪವಿತ್ರಾ. ಕಾಲವೆಲ್ಲ ಒಂದೇ, ನಂಬಿಕೆಯೆಲ್ಲ ಮನಸ್ಸಿನದು ಎಂದು ಮನಸ್ಸಿನಲ್ಲೇ ಭಾಷಣ ಕಟ್ಟಿಕೊಂಡು, ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅತ್ತೆಯ ಮುಂದೆ ಕುಳಿತೆ. ಎರಡನೇ ವಾಕ್ಯಕ್ಕೆ ಅವರು ತಡೆದರು.

"ಆಷಾಢ ಮದುವೆಗೆ ಕಣೇ ಸುಧಾ, ಕಬ್ಬಿಣಕ್ಕೇನು? ನಿಮ್ಮಾವ ಪೀಣ್ಯದ ಫ್ಯಾಕ್ಟ್ರಿಗೆ ಸೇರಿದ್ದೇ ಆಷಾಢದಲ್ಲಿ. ರಿಟೈರಾಗೋವರ್ಗೂ ಒಂದ್ ತಿಂಗ್ಳಾದ್ರೂ ಸಂಬಳ ನಿಂತಿತ್ತಾ? ನಾಳೇನೇ ತಂದ್ಬಿಡೋಣ. ಮುಂದಿನ ಸೀಟು ನಂದು."

ನಾನು ಕುಣಿದಾಡಬೇಕಿತ್ತು. ಬಾಯಿಂದ ಬಂದದ್ದು ಮಾತ್ರ, "ನಾಳೆ ಮಂಗಳವಾರ ಅಲ್ವಾ ಅತ್ತೆ?"

ಯಜಮಾನರು ಪೇಪರ್ ಕೆಳಗಿಳಿಸಿದರು. "ಕಾನ್ವೆಂಟಲ್ಲಿ ಓದಿದ್ದು ನೀನಾ, ನಮ್ಮಮ್ಮನಾ?"

ನಾನು ಸೋಲಲಿಲ್ಲ. ಬುಧವಾರಕ್ಕೊಂದು, ಗುರುವಾರಕ್ಕೊಂದು ಕೊಂಕು ತೆಗೆದು, ಆಷಾಢ ಶುಕ್ರವಾರ ದೇವಿಗೆ ಪ್ರೀತಿ, ಅವತ್ತು ದೋಷವೇ ತಟ್ಟುವುದಿಲ್ಲ ಎಂದು ವಾದಿಸಿ ಗೆದ್ದೆ. "ಇದನ್ನೆಲ್ಲ ಸಿಸ್ಟರ್ ಹೇಳ್ಕೊಟ್ರಾ?" ಎಂದು ಅತ್ತೆ ಹುರುಳಿಕಾಯಿ ಮುರಿಯುತ್ತಲೇ ಕೇಳಿದರು.

ಇವತ್ತು ಆ ಶುಕ್ರವಾರ. ಬೆಳಗಿನಿಂದ ಪವಿತ್ರಾ ಎರಡು ಸಲ ಫೋನ್ ಮಾಡಿದ್ದಾಳೆ. ನೀಲಿ ಕಾರನ್ನು ತೊಳೆದು, ರಿಬ್ಬನ್ ಕಟ್ಟಿ ನಿಲ್ಲಿಸಿದ್ದಾರಂತೆ. ಅತ್ತೆ ರೇಷ್ಮೆ ಸೀರೆಯುಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದಾರೆ. "ಏಳೇ ಸುಧಾ, ಇನ್ನೂ ಅದೇನು ಬರೀತಾ ಕೂತಿದೀಯ? ಅವ್ರು ಬೇರೆಯವ್ರಿಗೆ ಕೊಟ್ಟಾರು!"

"ಇನ್ನೊಂದು ಸ್ವಲ್ಪ ಅತ್ತೆ, ರಾಹುಕಾಲ ಕಳೀಲಿ" ಎಂದು ಗಡಿಯಾರ ನೋಡುತ್ತಾ ಕುಳಿತಿದ್ದೇನೆ. ಕಾರು ಶೋರೂಮಿನಲ್ಲಿ ನನಗಾಗಿ ಕಾಯುತ್ತಿದೆ. ಪಾಪ, ಅದಕ್ಕಿದು ಹೊಸತು. ನಮ್ಮ ಮನೆಗೆ ಬಂದಮೇಲೆ ಎಲ್ಲರಂತೆ ಅದಕ್ಕೂ ನನಗಾಗಿ ಕಾಯುವುದು ರೂಢಿಯಾಗುತ್ತದೆ.