ಹೆಣದ ಜೀಪಿನಲ್ಲಿ ಅಣ್ಣನ ಸವಾರಿ

ನಮ್ಮ ಹಳೇ ಜೀಪು ಮನೆಯಿಂದ ಹೊರಬಿದ್ದರೆ ಯಾರಾದರೊಬ್ಬರು ಅಳುವುದು ಇದ್ದದ್ದೇ. ಮಳೆಗಾಲದ ಎರೆಮಣ್ಣಿನಲ್ಲಿ ಬೇರೆ ಗಾಡಿಗಳು ಹೂತು ಕೂತರೆ ಇದು ನಾಲ್ಕೂ ಗಾಲಿ ತಿರುಗಿಸಿಕೊಂಡು ಹೋಗುತ್ತದೆ. ಹಾಗಾಗಿ ಹುಬ್ಬಳ್ಳಿಯ ಆಸ್ಪತ್ರೆಯಿಂದ ಸುತ್ತಲಿನ ಊರುಗಳಿಗೆ ಹೆಣ ತರುವ ಕೆಲಸ ಇದರ ಪಾಲಿಗೆ ಬಂತು, ಓಡಿಸುವ ಕೆಲಸ ನನ್ನ ಪಾಲಿಗೆ. ಮದುವೆಗೆ ಮಾತ್ರ ಇದನ್ನು ಯಾರೂ ಕರೆಯಲಿಲ್ಲ.

ಹೋದ ವರ್ಷ ಡಾಕ್ಟರು ನಮ್ಮ ಅಣ್ಣನನ್ನು, "ಮನೀಗೆ ಕರಕೊಂಡ ಹೋಗ್ರಿ, ಬೇಕಾದ್ದು ತಿನಸ್ರಿ" ಅಂದರು. ಅದರ ಅರ್ಥ ಅಣ್ಣನಿಗೂ ನನಗೂ ತಿಳಿಯಿತು.

"ತಮ್ಮಾ, ಒಂದಿನ ಆರಾಮ ಸುತ್ತಾಡಸು," ಅಂದ ಅಣ್ಣ. "ತಂಬೂರ ಊರಿನ ಹಾದ್ಯಾಗಿನ ನಮ್ಮ ಹೊಲಾ ನೋಡಿ ಬರೂಣು."

ಹೊಲ ಬರೀ ನೆಪ. ಬಾಜು ಹೊಲದವ ಅವನ ಬಾಲ್ಯದ ದೋಸ್ತ. ನಡುವಿನ ಗಡಿಗಲ್ಲು ಯಾರು ಸರಿಸಿದರು ಅಂತ ಜಗಳಾಡಿ ಇಬ್ಬರೂ ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದರು. ಹೋಗುವ ಮೊದಲು ಅವನ ಜೊತೆ ಒಂದು ಮಾತಾಡಬೇಕೆಂಬ ಆಸೆ ಅಣ್ಣನಿಗೆ; ತಾನೇ ಮೊದಲು ಮಾತಾಡಿಸಲು ಮಾತ್ರ ಹಟ ಬಿಡದು. ಕೂರಲು ತ್ರಾಣವಿಲ್ಲದ್ದರಿಂದ ಹಿಂದೆ ಗಾದಿ ಹಾಸಿ ಮಲಗಿಸಿದೆ. ತಪ್ಪಾದದ್ದು ಅಲ್ಲೇ. ಈಗ ಅಣ್ಣ ಇಲ್ಲ. ಆ ದಿನ ನೆನೆದರೆ ಅಳಬೇಕೋ ನಗಬೇಕೋ ತಿಳಿಯುವುದಿಲ್ಲ.

ಮಿರ್ಚಿ

ದುಮ್ಮವಾಡದ ಚಹಾದಂಗಡಿ ಮುಂದೆ ನಿಲ್ಲಿಸಿದೆ. ಅಂಗಡಿಯವ ಜೀಪು ಕಂಡವನೇ ಒಲೆ ಆರಿಸಿ, ಶಟರ್ ಅರ್ಧ ಇಳಿಸಿ, ಕೈಮುಗಿದು ನಿಂತ. ಹೆಣ ಹೋಗುವಾಗ ಎಲ್ಲರೂ ಹಾಗೇ ಮಾಡುತ್ತಾರೆ.

"ಯಾರ ಹೋದ್ರೀ?"

"ಯಾರೂ ಹೋಗಿಲ್ರೀ. ಅಣ್ಣಗ ಎರಡು ಮಿರ್ಚಿ ಭಜಿ ಕೊಡ್ರಿ."

ಅವನು ಒಳಗೆ ಇಣುಕಿದ. ಅಣ್ಣನ ಮುಖ ನೋಡಿ ಗಾಬರಿಯಾದ. "ಇವ್ರಿಗೆ ಖಾರ ನಡೀತೈತೇನ್ರಿ?"

ಉತ್ತರ ಅಣ್ಣನೇ ಕೊಟ್ಟ: "ಇನ್ನ ಮ್ಯಾಲ ಎಲ್ಲಾ ನಡೀತೈತಿ. ನಾಕು ಕೊಡಪಾ."

ನೂಕಿದವರ ಪುಣ್ಯ

ಊರು ದಾಟಿದ ಮೇಲೆ ಏರಿನಲ್ಲಿ ಜೀಪು ಬಂದ್ ಬಿತ್ತು. ಬಸ್ಸಿಗೆ ಕಾಯುತ್ತಿದ್ದ ನಾಲ್ವರು ಚಪ್ಪಲಿ ಬಿಟ್ಟು ಓಡಿ ಬಂದರು. ಹೆಣಕ್ಕೆ ಹೆಗಲು ಕೊಟ್ಟರೆ ಪುಣ್ಯ. ಹೆಣದ ಜೀಪಿಗೆ ಕೊಟ್ಟರೂ ಅಷ್ಟೇ ಪುಣ್ಯ ಅಂತ ಅವರ ಎಣಿಕೆ. ನಿಜ ಹೇಳಬೇಕಿತ್ತು. ಹೇಳಿದರೆ ನೂಕುವವರು ಯಾರು? ಸುಮ್ಮನೆ ಸ್ಟಿಯರಿಂಗ್ ಹಿಡಿದು ಕೂತೆ.

ಅರ್ಧ ಏರು ಹತ್ತಿದಾಗ ಒಳಗಿನಿಂದ ಅಣ್ಣ ಕೆಮ್ಮಿದ. ನಾಲ್ವರೂ ಕೈಬಿಟ್ಟು ಪಕ್ಕಕ್ಕೆ ಹಾರಿದರು. ಜೀಪು ಉರುಳಿಕೊಂಡು ಮೊದಲಿದ್ದಲ್ಲಿಗೇ ಬಂತು.

ಅವರಲ್ಲಿ ಹಿರಿಯನಾದ ಕಾಕಾ ಸಿಟ್ಟಿನಿಂದ ಹತ್ತಿರ ಬಂದು ಅಣ್ಣನನ್ನೇ ಕೇಳಿದ: "ಜೀವಾ ಐತಿ ಅಂದಮ್ಯಾಲ ತಾವೂ ಇಳದ ಒಂದ ಕೈ ಹಚ್ಚಬಾರದೇನ್ರೀ?"

ಗಡಿಗಲ್ಲು

ಹೇಗೋ ಜೀಪು ಚಾಲೂ ಮಾಡಿಕೊಂಡು ಹೊಲಕ್ಕೆ ಬಂದು ನಾನು ಹಿಂದಿನ ಬಾಗಿಲು ತೆಗೆಯುವಷ್ಟರಲ್ಲಿ, ಜೀಪು ಕಂಡು ಬಾಜು ಕಡಲೆ ಹೊಲದಿಂದ ಅಣ್ಣನ ದೋಸ್ತ ಓಡಿ ಬರುವುದು ಕಂಡಿತು. ಅಣ್ಣ ಕಣ್ಣು ಮುಚ್ಚಿದ. ನಾನು ಬಾಯಿ ಬಿಡುವ ಮೊದಲೇ ನನ್ನ ಕೈ ಹಿಡಿದು ಅದುಮಿದ.

ದೋಸ್ತ ಅಣ್ಣನ ಎರಡೂ ಕಾಲು ಹಿಡಿದುಕೊಂಡು ಗೊಳೋ ಅಂತ ಅತ್ತ. "ತಪ್ಪಾತೋ ದೋಸ್ತಾ! ಗಡಿಗಲ್ಲು ನಾನ ಸರಿಸಿದ್ನಿ. ಎರಡು ಫೂಟ. ನೀ ಇದ್ದಾಗ ಹೇಳಾಕ ಬಾಯಿ ಬರಲಿಲ್ಲ."

ಅಣ್ಣ ಒಂದು ಕಣ್ಣು ತೆರೆದ. "ಎರಡ ಏನ? ನಾ ಆವಾಗ ತಿರಗಿ ನಿನ್ನ ಕಡೆ ಮೂರು ಫೂಟ ಸರಿಸಿದ್ನಿ."

ದೋಸ್ತ ಧಡ್ ಅಂತ ನೆಲಕ್ಕೆ ಕೂತ. ಆಮೇಲೆ ಕಣ್ಣೀರೂ ಒರೆಸಿಕೊಳ್ಳದೆ ಎದ್ದು, ಅಣ್ಣನ ಕಾಲನ್ನು ಮತ್ತೆ ಗಟ್ಟಿಯಾಗಿ ಹಿಡಿದ.

"ಲೇ ಮಗನ, ಹನ್ನೊಂದ ವರ್ಷ ನನಗ ಕಳ್ಳ ಅಂದ್ಯಲ್ಲೋ! ಆ ಒಂದು ಫೂಟ ವಾಪಸ್ ಕೊಡೂತನಕಾ ನಿನ್ನ ಸಾಯಾಕ ಬಿಡಂಗಿಲ್ಲ!"