ಸೋರಿಕೆ ಸಂರಕ್ಷಣಾ ಒಪ್ಪಂದ

ನಮ್ಮ ಪ್ರೆಸ್ಬಿಟೇರಿಯನ್ ಸಭೆಯ, ಅಂದರೆ ಚರ್ಚಿನ, ಛಾವಣಿಯಲ್ಲಿರುವ ಸೋರಿಕೆಗೆ ಈ ಮಳೆಗಾಲಕ್ಕೆ ಹನ್ನೊಂದು ವರ್ಷ ತುಂಬಿತು. ಈ ಸಂಗತಿಯನ್ನು ಹಿರಿಯರ ಮಂಡಳಿಯ ನಡವಳಿ ಪುಸ್ತಕದಲ್ಲಿ ಸಂತೋಷದಿಂದ ದಾಖಲಿಸಲಾಗಿದೆ. ದಾಖಲಿಸಿದವನು ನಾನೇ, ಮಂಡಳಿಯ ಕಾರ್ಯದರ್ಶಿ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ನಮ್ಮ ಪಂಥದಲ್ಲಿ ಯಾವುದನ್ನೂ ಒಬ್ಬರೇ ನಿರ್ಧರಿಸುವಂತಿಲ್ಲ. ಪಾದ್ರಿಗಳಾದ ಸಭಾಪಾಲಕರಿಗೂ ಆ ಹಕ್ಕಿಲ್ಲ. ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಆಮೇಲೆ ಹಿರಿಯರೆಲ್ಲ ಕೈ ಎತ್ತಬೇಕು. ಕಿಟಕಿ ತೆರೆಯುವುದಕ್ಕೂ ಇದೇ ಕ್ರಮ. ಒಮ್ಮೆ ಸೆಕೆ ತಡೆಯಲಾರದೆ ಒಬ್ಬ ಹಿರಿಯರು ಕಿಟಕಿ ತೆರೆಯುವಂತೆ ಸೂಚಿಸಿದರು. ಅನುಮೋದಿಸಬೇಕಾದವರಿಗೆ ಅಷ್ಟರಲ್ಲಿ ನಿದ್ದೆ ಹತ್ತಿತ್ತು. ಆ ಕಿಟಕಿ ಇನ್ನೂ ಮುಚ್ಚಿಯೇ ಇದೆ.

ಹೆಂಚು ಒಡೆದ ವಾರವೇ ಗಂಟೆಯಣ್ಣ ಬಂದು ಹೇಳಿದ್ದ. ಗಂಟೆಯಣ್ಣ ಎಂದರೆ ನಮ್ಮಲ್ಲಿ ಗಂಟೆ ಹೊಡೆಯುವವನು, ಬೆಂಚು ಒರೆಸುವವನು, ಬಾಗಿಲಿಗೆ ಬೀಗ ಹಾಕುವವನು, ಸಭೆಯ ಹಿತ್ತಲಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿರುವವನು.

"ಒಂದೇ ಹೆಂಚು ಸಾರ್. ಏಣಿ ಇದೆ. ಹಳೇ ಹೆಂಚೂ ಬಿದ್ದಿದೆ. ಹೂಂ ಅಂದ್ರೆ ಊಟದ ಹೊತ್ತಿಗೆ ಮುಗಿಸಿಬಿಡ್ತೀನಿ," ಎಂದ.

ಹೂಂ ಎನ್ನುವ ಅಧಿಕಾರ ನಮ್ಮಲ್ಲಿ ಯಾರೊಬ್ಬರಿಗೂ ಇಲ್ಲವಾದ್ದರಿಂದ ವಿಷಯವನ್ನು ಕಟ್ಟಡ ಉಪಸಮಿತಿಗೆ ಒಪ್ಪಿಸಿದೆವು. ಉಪಸಮಿತಿ ಸೇರುವ ಮುಂಚೆಯೇ ಹೊರದೇಶದವರು ಬಂದುಬಿಟ್ಟರು.

ಅವರೂ ಪ್ರೆಸ್ಬಿಟೇರಿಯನ್ನರೇ. ದೀರ್ಘಕಾಲದ ಮಿಷನ್ ಸಹಭಾಗಿತ್ವಕ್ಕೆ ತಕ್ಕ ಸಭೆಯೊಂದನ್ನು ಹುಡುಕುತ್ತ ಹೊರಟವರು. ಹಿಂದಿನ ದಿನ ನೋಡಿದ ಸಭೆಯಲ್ಲಿ ಎಲ್ಲವೂ ನೆಟ್ಟಗಿತ್ತಂತೆ, ಹಾಗಾಗಿ ಮುಖ ಸಪ್ಪೆ ಮಾಡಿಕೊಂಡೇ ಬಂದಿದ್ದರು. ಅವರ ಮುಖಂಡರು ಒಬ್ಬ ಹಲ್ಲಿನ ಡಾಕ್ಟರು, ತಲೆ ನುಣ್ಣಗೆ ಬೋಳು. ಪ್ರಾರ್ಥನೆಯ ನಡುವೆ ಆ ಬೋಳು ತಲೆಯ ಮೇಲೆ ಟಪ್ಪೆಂದು ಒಂದು ಹನಿ ಬಿತ್ತು. ಡಾಕ್ಟರು ತಲೆ ಎತ್ತಿದರು. ಎರಡನೆಯ ಹನಿ ನೇರವಾಗಿ ಕಣ್ಣಿಗೆ ಬಿತ್ತು. ಅವರು ಮುಖ ತಗ್ಗಿಸಿದಾಗ ಕೆನ್ನೆ ಒದ್ದೆಯಾಗಿತ್ತು. ಅದನ್ನು ಕಂಡು ಅವರ ಜೊತೆಯವರು ಅತ್ತರು, ಜೊತೆಯವರನ್ನು ಕಂಡು ಡಾಕ್ಟರೂ ನಿಜವಾಗಿಯೇ ಅತ್ತರು.

"ಇದೇ ಆ ಜಾಗ ಅಂತಿದ್ದಾರೆ," ಎಂದು ಸಭಾಪಾಲಕರು ಭಾಷಾಂತರಿಸಿದರು.

ಒಪ್ಪಂದ ಬರೆಯುವುದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಮುಖ್ಯವಾದ ಕಲಮುಗಳು ಇಷ್ಟೇ. ಕಲಂ ನಾಲ್ಕು: ಸಹಭಾಗಿತ್ವವು ದೀರ್ಘಕಾಲದ್ದಾಗಿರತಕ್ಕದ್ದು, ದೀರ್ಘಕಾಲವೆಂದರೆ ಇಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಅವಧಿ. ಕಲಂ ಐದು: ಉಭಯ ಸಭೆಗಳನ್ನು ಬೆಸೆದಿರುವ ಕೊರತೆಯೆಂದರೆ ಸದರಿ ಸೋರಿಕೆ, ಕೊರತೆ ತೀರಿದ ದಿನ ಸಹಭಾಗಿತ್ವವೂ ತೀರಿತೆಂದು ಭಾವಿಸತಕ್ಕದ್ದು. ಕಲಂ ಆರು: ಒಂದು ವರ್ಷ ಅವರು ಇಲ್ಲಿಗೆ ಬರತಕ್ಕದ್ದು, ಮರುವರ್ಷ ಇಲ್ಲಿನ ಹಿರಿಯರೊಬ್ಬರು ಸರದಿಯಂತೆ ಅಲ್ಲಿಗೆ ಹೋಗತಕ್ಕದ್ದು.

ನಾಲ್ಕನ್ನೂ ಐದನ್ನೂ ಒಟ್ಟಿಗೆ ಓದಿದವರು ಸಹಭಾಗಿತ್ವ ಸಮಿತಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರು. "ಅಂದ್ರೆ ಇಪ್ಪತ್ತೈದು ವರ್ಷ ಇದು ಸೋರ್ಲೇಬೇಕು," ಎಂದರು. ಆರನ್ನು ಎಲ್ಲರೂ ಓದಿಕೊಂಡಿದ್ದರು. ಯಾರೂ ಎದುರಾಡಲಿಲ್ಲ. ಕಟ್ಟಡ ಉಪಸಮಿತಿಗೆ ಅಂದೇ ಸೋರಿಕೆ ಸಂರಕ್ಷಣಾ ಉಪಸಮಿತಿ ಎಂದು ಮರುನಾಮಕರಣವಾಯಿತು.

ಸರದಿಯಲ್ಲಿ ಮೊದಲು ಹೋದವರು ಔಷಧಿ ಅಂಗಡಿಯವರು. ಎರಡನೆಯ ಸಲವೂ ಅವರೇ ಹೋದರು, ಮೊದಲ ಸಲ ಹೋದ ಅನುಭವವಿರುವವರು ಬೇರೆ ಯಾರೂ ಇರಲಿಲ್ಲ. ಅಲ್ಲಿಂದ ಒಂದು ದಪ್ಪ ಕೋಟು ತಂದರು. ಬೆವರು ಕಿತ್ತುಕೊಂಡು ಸುರಿದರೂ ಅದನ್ನು ಬಿಚ್ಚುವುದಿಲ್ಲ. ಮೂರನೆಯ ಸಲ ಹೆಡ್‌ಮಾಸ್ತರು, ನಾಲ್ಕನೆಯ ಸಲ ಸಭಾಪಾಲಕರು. ಐದನೆಯ ಹೆಸರು ನನ್ನದು.

ಇನ್ನು ಸೋರಿಕೆಯ ಕೆಳಗೆ ಏನಿತ್ತು ಎನ್ನುವ ವಿಷಯ. ಅಲ್ಲಿ ಕಾಲಿನಿಂದ ತುಳಿದು ಗಾಳಿ ತುಂಬುವ ದೊಡ್ಡ ಹಾರ್ಮೋನಿಯಂ ಇತ್ತು, ಅದರ ಮುಂದೆ ನನ್ನ ಚಿಕ್ಕಮ್ಮ ಇದ್ದಳು. ನಡವಳಿಯಲ್ಲಿ ಅವಳನ್ನು ವಾದ್ಯಗಾರ್ತಿಯವರು ಎಂದು ಬರೆಯುತ್ತೇನೆ. ನಲವತ್ತು ವರ್ಷದಿಂದ ಅವಳು ಒಂದು ಭಾನುವಾರವನ್ನೂ ತಪ್ಪಿಸಿದವಳಲ್ಲ. ವಾದ್ಯಕ್ಕೆ ಅರವತ್ತೊಂದು ಕೀ. ಮೊದಲ ಮಳೆಗಾಲದಲ್ಲೇ ಐದು ಕೀಗಳು ನೀರು ಕುಡಿದು ಉಬ್ಬಿ ಕೂತವು, ಮರುವರ್ಷ ಇನ್ನೂ ಆರು. ಒತ್ತಿದರೆ ಮಿಸುಕುವುದಿಲ್ಲ.

ಹಾರ್ಮೋನಿಯಂ ಸರಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಅದು ಕೂತಿರುವ ಕಟ್ಟೆ ಔಷಧಿ ಅಂಗಡಿಯವರ ತಾತನ ನೆನಪಿಗೆ ಕಟ್ಟಿಸಿದ್ದು, ಕಲ್ಲಿನಲ್ಲಿ ಹೆಸರು ಕೆತ್ತಿದೆ. ವಾದ್ಯ ಇಳಿಸಿದರೆ ತಾತನಿಗೆ ಅವಮಾನ. ಬಕೆಟ್ ಇಡುವ ಸೂಚನೆಯೂ ಬಂದಿತ್ತು. ಬಕೆಟ್ ಸೋರಿಕೆಯ ಘನತೆಗೆ ಕುಂದು ತರುತ್ತದೆಂದು ಅದನ್ನು ಕೈಬಿಡಲಾಯಿತು. ಚಿಕ್ಕಮ್ಮ ತಾನೇ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿದಳು. ಅತಿಥಿಗಳ ಫೋಟೋದಲ್ಲಿ ಅದು ಹೊಳೆಯುತ್ತದೆಂದು ಹೆಡ್‌ಮಾಸ್ತರು ತೆಗೆಸಿದರು.

"ಒಂದು ಹೆಂಚು ಹಾಕೋಕೆ ನಿಮ್ಗೆ ಇನ್ನೆಷ್ಟು ಮೀಟಿಂಗು ಬೇಕೋ?" ಎಂದು ಅಡುಗೆಮನೆಯಲ್ಲಿ ಕೇಳುತ್ತಿದ್ದಳು.

"ಪ್ರಕ್ರಿಯೆಯಲ್ಲಿದೆ ಚಿಕ್ಕಮ್ಮ."

"ನನ್ನ ಗೆಣ್ಣುಗಳು ಹಿಡ್ಕೊಳ್ತಿವೆ ಕಣೋ. ಪೂರ್ತಿ ನಿಂತುಹೋಗೋ ಮುಂಚೆ ಸಂಜೆ ಕೀರ್ತನೆ ಒಂದನ್ನ ಮೊದಲಿಂದ ಕೊನೇವರೆಗೆ, ನಡುನಡುವೆ ಬಿಟ್ಟುಹೋಗದ ಹಾಗೆ ಬಾರಿಸ್ಬೇಕು. ಅಷ್ಟೇ. ಬೇರೇನೂ ಕೇಳಲ್ಲ."

ಸಂಜೆ ಕೀರ್ತನೆ ನನಗೆ ಗೊತ್ತು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳು. ಮನೆಯಲ್ಲಿ ವಾದ್ಯವಿರಲಿಲ್ಲ. ಊಟದ ಮೇಜಿನ ಮೇಲೆ ಬೆರಳಾಡಿಸಿ ಬಾಯಲ್ಲಿ ಹಾಡುತ್ತಿದ್ದಳು. ಆಮೇಲಾಮೇಲೆ ಬಾಯಿ ತೆರೆಯದಿದ್ದರೂ ಬೆರಳು ನೋಡಿದರೇ ನನಗೆ ಹಾಡು ಕೇಳುತ್ತಿತ್ತು.

ಎರಡು ವರ್ಷದ ಹಿಂದೆ ಅತಿಥಿಗಳು ಬಂದಾಗ ಕೆಲಸ ಮಾಡುವ ಕೀ ಇಪ್ಪತ್ತಮೂರು ಉಳಿದಿದ್ದವು. ಆ ಸಲದ ತಂಡದಲ್ಲಿ ಒಬ್ಬ ಹೊಸಬರಿದ್ದರು, ಅಗಲವಾದ ಅಂಗೈಯ ಮೌನಿ. ಕಸುಬು ಮನೆಗಳಿಗೆ ಛಾವಣಿ ಹೊದಿಸುವುದು. ಪದ್ಧತಿಯಂತೆ ಎಲ್ಲರೂ ಸೋರಿಕೆಯ ಕೆಳಗೆ ಕೈ ಕೈ ಹಿಡಿದು ನಿಂತಿದ್ದಾಗ ಅವರು ಒಮ್ಮೆ ಮೇಲೆ ನೋಡಿ, ಒಮ್ಮೆ ಚಿಕ್ಕಮ್ಮನ ಕಡೆ ನೋಡಿ, ಏನೋ ಕೇಳಿದರು. ಸಭಾಪಾಲಕರ ಮುಖ ಬಿಳಿಚಿಕೊಂಡಿತು.

"ಏನಂತೆ?" ಎಂದರು ಹೆಡ್‌ಮಾಸ್ತರು.

"ಏಣಿ ಇದೆಯಾ ಅಂತ."

ಹಲ್ಲಿನ ಡಾಕ್ಟರು ಅವರನ್ನು ಪಕ್ಕಕ್ಕೆ ಕರೆದು ಮೃದುವಾಗಿ ತಿಳಿಹೇಳಿದರು. ನಾವು ಸರಿಪಡಿಸುವುದಕ್ಕೆ ಬಂದವರಲ್ಲ, ಜೊತೆಯಲ್ಲಿ ನಡೆಯುವುದಕ್ಕೆ ಬಂದವರು ಎಂದು. ಛಾವಣಿಯವರು ಅದಕ್ಕೆ ಚುಟುಕಾಗಿ ಏನೋ ಅಂದರು. "ಅವರಿಗೆ ತುಂಬಾ ಸಂತೋಷವಾಗಿದೆಯಂತೆ," ಎಂದು ಸಭಾಪಾಲಕರು ನಮಗೆ ಹೇಳಿದರು. ಅವರು ಅಂದದ್ದು 'ನಡೆದದ್ದು ಸಾಕು, ಹತ್ತೋಣ' ಎಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ.

ಊಟಕ್ಕೆ ಕೂತಾಗ ಛಾವಣಿಯವರೂ ಗಂಟೆಯಣ್ಣನೂ ಕಾಣಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸ್ವಲ್ಪ ಹೊತ್ತಿಗೆ ನಮ್ಮ ತಲೆಯ ಮೇಲೆ ಹೆಜ್ಜೆ ಸದ್ದು, ಹೆಂಚು ಸರಿದ ಸದ್ದು, ಇಬ್ಬರು ನಕ್ಕ ಸದ್ದು. ಕೇಳಿಸುತ್ತಿದೆ ಎಂದು ಯಾರೂ ಸೂಚಿಸದಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

ಮಧ್ಯಾಹ್ನ ಜೋರು ಮಳೆ ಬಂತು. ಎಲ್ಲರೂ ಸೋರಿಕೆಯ ಕೆಳಗೆ ನಿಂತೆವು. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಒಂದು ಹನಿಯೂ ಇಲ್ಲ. ಡಾಕ್ಟರು ಬೋಳು ತಲೆಯನ್ನು ಆಚೆ ಈಚೆ ಸರಿಸಿ ನೋಡಿಕೊಂಡರು. ಚಿಕ್ಕಮ್ಮ ಕರವಸ್ತ್ರದಿಂದ ಕೀಗಳನ್ನು ಒಂದೊಂದಾಗಿ ಒರೆಸಿದಳು. ವಾದ್ಯ ರಿಪೇರಿಯವನು ಅವಳಿಗೆ ಹಿಂದೆಯೇ ಹೇಳಿದ್ದ, ಒಂದು ತಿಂಗಳು ಒಣಗಲು ಬಿಟ್ಟರೆ ಮರದ ಉಬ್ಬು ಇಳಿದು ಮುಕ್ಕಾಲು ಪಾಲು ಕೀ ಎದ್ದು ಬರುತ್ತವೆ ಎಂದು. ಅವಳು ನನ್ನ ಕಡೆ ತಿರುಗಿ ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ತಿಂಗಳು. ಅವಳ ಮುಖದಲ್ಲಿ ಅಂಥ ನಗುವನ್ನು ನಾನು ಅದೆಷ್ಟೋ ವರ್ಷದಿಂದ ಕಂಡಿರಲಿಲ್ಲ.

ಪಕ್ಕದ ಕೋಣೆಯಲ್ಲಿ ತುರ್ತು ಜಂಟಿ ಸಭೆ ಸೇರಿತು.

"ಕೊರತೆ ತೀರಿದೆ," ಎಂದರು ಹೆಡ್‌ಮಾಸ್ತರು. "ಕಲಂ ಐದರ ಪ್ರಕಾರ ಈ ಗಳಿಗೆಯಿಂದ ಇವರು ನಮಗೆ ಯಾರೂ ಅಲ್ಲ, ನಾವು ಇವರಿಗೆ ಯಾರೂ ಅಲ್ಲ."

ಔಷಧಿ ಅಂಗಡಿಯವರು ಕೋಟಿನ ಗುಂಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಆಮೇಲೆ ಅವರೇ ಎದ್ದು ಸೂಚಿಸಿದರು: ಅನುಮತಿಯಿಲ್ಲದೆ ಅಳವಡಿಸಲಾದ ಹೆಂಚನ್ನು ಕೂಡಲೇ ತೆಗೆದು ಸೋರಿಕೆಯನ್ನು ಯಥಾಸ್ಥಿತಿಗೆ ತರತಕ್ಕದ್ದು.

ಅನುಮೋದಕರು ಬೇಕು. ಎಲ್ಲರೂ ನನ್ನನ್ನು ನೋಡಿದರು. ಮರುವರ್ಷದ ಸರದಿ ನನ್ನದು, ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಯಾಗಿತ್ತು. ಗೋಡೆಯಾಚೆಯಿಂದ ಚಿಕ್ಕಮ್ಮ ಬಾರಿಸುವುದು ಕೇಳುತ್ತಿತ್ತು, ಇಪ್ಪತ್ತಮೂರು ಕೀಗಳಲ್ಲಿ, ಎಡವುತ್ತ, ಏಳುತ್ತ. ನಾನು ಕೈ ಎತ್ತಿದೆ. ನನಗೆ ನಾಚಿಕೆಯಾಯಿತು. ನಾಚಿಕೆಯನ್ನು ನಡವಳಿಯಲ್ಲಿ ಬರೆಯುವ ಪದ್ಧತಿ ನಮ್ಮಲ್ಲಿಲ್ಲ.

ಗಂಟೆಯಣ್ಣನನ್ನು ಕರೆಸಿದೆವು.

"ಹಾಕಿದ ಹೆಂಚು ತೆಗೀಬೇಕಾ ಸಾರ್?"

"ಸರ್ವಾನುಮತದ ತೀರ್ಮಾನ."

"ಹಾಕೋಕೆ ಒಂದು ಹೂಂ ಅನ್ನೋಕೆ ಒಂಬತ್ತು ವರ್ಷ ಸಾಲ್ಲಿಲ್ಲ. ತೆಗೆಯೋಕೆ ಹತ್ತು ನಿಮಿಷಕ್ಕೆ ಹೂಂ ಬಂತಲ್ಲ!"

"ನೀನಿರೋ ಕೋಣೆ ಸಭೆಯದ್ದು ಅನ್ನೋದು ನೆನಪಿರಲಿ," ಎಂದರು ಹೆಡ್‌ಮಾಸ್ತರು. ಗಂಟೆಯಣ್ಣ ಏಣಿ ಹತ್ತಿದ. ಅಳತೆಯಲ್ಲಿ ಲೋಪವಾಗಬಾರದೆಂದು ಮುನ್ನೆಚ್ಚರಿಕೆಯಾಗಿ ಎರಡು ಹೆಂಚು ತೆಗೆಸಿದೆವು. ಸಂಜೆಯ ಹೊತ್ತಿಗೆ ಸೋರಿಕೆ ಮೊದಲಿಗಿಂತ ಚೆನ್ನಾಗಿ ನಡೆಯತೊಡಗಿತು. ಡಾಕ್ಟರು ಅದರ ಕೆಳಗೆ ನಿಂತು, ನೆನೆದು, ನಿಟ್ಟುಸಿರು ಬಿಟ್ಟರು.

ಮನೆಯಲ್ಲಿ ಚಿಕ್ಕಮ್ಮ ಕೇಳಿದಳು, "ಅನುಮೋದಿಸಿದ್ದು ಯಾರೋ?"

"ಸರ್ವಾನುಮತ, ಚಿಕ್ಕಮ್ಮ."

"ಅದು ಸರಿ. ಅನುಮೋದಿಸಿದ್ದು ಯಾರು?"

ನಾನು ನಡವಳಿ ಪುಸ್ತಕವನ್ನು ಚೀಲಕ್ಕೆ ಸೇರಿಸಿದೆ. ಅವಳು ತಟ್ಟೆಗಳನ್ನು ಎತ್ತಿಟ್ಟು, ಕೈ ಒರೆಸಿಕೊಂಡು, "ಹೋಗುವಾಗ ಔಷಧಿ ಅಂಗಡಿಯವರ ಕೋಟು ಕೇಳಿ ತಗೊಂಡು ಹೋಗು. ಅಲ್ಲಿ ಚಳಿಯಂತೆ," ಎಂದಳು.

ಕೋಟು ಕೇಳಿ ಹಾಕಿಕೊಂಡೇ ಹೋದೆ. ಅವರ ಸಭೆ ದೊಡ್ಡದು, ಗೋಡೆಯೆತ್ತರದ ಕೊಳವೆಗಳುಳ್ಳ ಆರ್ಗನ್ ಇದೆ. ಕೆಟ್ಟ ಕೀಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ನಾನು ವರದಿಯಲ್ಲಿ ಕಳಿಸುತ್ತಿದ್ದೆ. ಅದು ಯಾವುದೋ ಕಡತ ಸೇರುತ್ತದೆಂದುಕೊಂಡಿದ್ದೆ. ಅವರು ಪ್ರತಿಯೊಂದನ್ನೂ ಓದಿ, ಐಕ್ಯತೆಯ ಗುರುತಾಗಿ, ಅದೇ ಕೀಗಳನ್ನು ತಮ್ಮ ಆರ್ಗನ್ನಿನಲ್ಲೂ ಮೊಳೆ ಹೊಡೆದು ಮುಚ್ಚಿದ್ದರು. ಆ ವಾರಕ್ಕೆ ಎಂಟು ಉಳಿದಿದ್ದವು. ಇಡೀ ಸಭೆ ಆ ಎಂಟರಲ್ಲೇ ಹಾಡಿ ಕಣ್ಣೊರೆಸಿಕೊಂಡಿತು.

ಆರಾಧನೆ ಮುಗಿದ ಮೇಲೆ ನನ್ನನ್ನು ನಡುವೆ ನಿಲ್ಲಿಸಿದರು. ಮೇಲೆ ಹೊಸದಾಗಿ ಕೊರೆದ ತೂತು. ತಿದ್ದುಪಡಿಯಾದ ಕಲಂ ಐದರಂತೆ ಕೊರತೆ ಪರಸ್ಪರವಾಗಿರತಕ್ಕದ್ದಂತೆ. ಕೊರೆಯುವ ಕೆಲಸವನ್ನು ಅನುಭವವಿದೆಯೆಂದು ಛಾವಣಿಯವರಿಗೇ ಒಪ್ಪಿಸಿದ್ದರು. ಅವರು ಕೊನೆಯ ಬೆಂಚಿನಲ್ಲಿ ಕೂತಿದ್ದರು. ನಮ್ಮಲ್ಲಿ ಏಣಿ ಹತ್ತುವ ಮುಂಚೆ ಅವರು ಡಾಕ್ಟರಿಗೆ ಆಡಿದ್ದ ಮಾತು ನನಗೆ ಗೊತ್ತಾದದ್ದು ಅಂದೇ, ಅಲ್ಲಿನ ದುಭಾಷಿಯಿಂದ. ಹೊರಡುವಾಗ ಅವರು ಹತ್ತಿರ ಬಂದು, "ಆ ಅಮ್ಮ ಹೇಗಿದ್ದಾರೆ?" ಎಂದು ಕೇಳಿಸಿದರು.

"ಸೇವೆಯಲ್ಲಿ ಮುಂದುವರಿದಿದ್ದಾರೆ," ಎಂದೆ. ಅಷ್ಟರಲ್ಲಿ ನನ್ನ ತಲೆಯ ಮೇಲೆ ಹನಿ ಬಿತ್ತು. ಫೋಟೋ ತೆಗೆದರು.

ಈ ಮಳೆಗಾಲಕ್ಕೆ ನಮ್ಮ ವಾದ್ಯದಲ್ಲಿ ಉಳಿದಿರುವುದು ಒಂದೇ ಕೀ. ಕಳೆದ ಭಾನುವಾರ ಚಿಕ್ಕಮ್ಮನ ಸೇವೆಗೆ ನಲವತ್ತು ವರ್ಷ ತುಂಬಿತು. ಇಷ್ಟವಾದ ಕೀರ್ತನೆ ಬಾರಿಸಲು ಅವಳಿಗೆ ಮಂಡಳಿ ಅನುಮತಿ ನೀಡಿತು. ಒಂದು ಸ್ವರಕ್ಕೆ ಹೇಗೆ ಹಾಡುವುದೆಂದು ಯಾರೋ ಕೇಳಿದ್ದಕ್ಕೆ ಹೆಡ್‌ಮಾಸ್ತರು ನಿಯಮ ಓದಿ ಹೇಳಿದರು: ಸ್ವರ ಕೇಳಿದಾಗ ಹಾಡತಕ್ಕದ್ದು, ಉಳಿದ ಹೊತ್ತು ಬಾಯಿ ತೆರೆದು ಕಾಯತಕ್ಕದ್ದು.

ಅವಳು ಸಂಜೆ ಕೀರ್ತನೆ ಬಾರಿಸಿದಳು. ಮೊದಲಿಂದ ಕೊನೆಯವರೆಗೆ, ಗಂಟು ಕಟ್ಟಿದ ಹತ್ತೂ ಬೆರಳುಗಳಲ್ಲಿ, ಸತ್ತ ಅರವತ್ತು ಕೀಗಳ ಮೇಲೆ ಒಂದನ್ನೂ ಬಿಡದೆ. ಹನಿ ಅವಳ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಹಾಡು ಆ ಒಂದು ಕೀಗೆ ಬಂದಾಗಲೆಲ್ಲ ಇನ್ನೂರು ಜನ ಒಟ್ಟಿಗೆ 'ಆ' ಎಂದು, ಮತ್ತೆ ಬಾಯಿ ತೆರೆದುಕೊಂಡು ನಿಲ್ಲುತ್ತಿದ್ದರು. ನಾನು ಅವಳ ಬೆರಳನ್ನೇ ನೋಡುತ್ತಿದ್ದೆ. ನನಗೆ ಪೂರ್ತಿ ಕೇಳಿಸಿತು. ಕೇಳಿಸದಿದ್ದರೆ ಚೆನ್ನಾಗಿತ್ತು.

ಮುಗಿದ ಮೇಲೆ ಸಭಾಪಾಲಕರು ಸಭೆಯತ್ತ ನೋಡಿದರು. ಯಾರಿಂದಲೂ ಆಕ್ಷೇಪಣೆ ಬರಲಿಲ್ಲ. ನಡವಳಿಯಲ್ಲಿ 'ಕೀರ್ತನೆ ಹಾಡಲಾಯಿತು' ಎಂದು ಬರೆದೆ.